ಕಡತ ಸುಟ್ಟಿದ್ದು ಸರ್ಕಾರದ್ದು, ಸಾಕ್ಷಿ ಕೇಳಿದ್ದು ಮನೆಯವರನ್ನ

ಅಮೆರಿಕದ ಬೆತೆಸ್ಡಾದಲ್ಲಿ, ಎನ್‌ಐಎಚ್ ಎಂಬ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯ ಆಸ್ಪತ್ರೆ ಎದುರಿನ ಮೆಟ್ರೋ ಸ್ಟೇಷನ್‌ನಲ್ಲಿ ನಾನು ವಾರಕ್ಕೆ ಐದು ದಿನ ಇಳಿಯುತ್ತೇನೆ. ವೇವರ್ಲಿ ವುಡ್ಸನ್ ಅನ್ನುವ ಕಪ್ಪು ಸೈನಿಕರು ಯುದ್ಧ ಮುಗಿದ ಮೇಲೆ ಇಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ್ದರಂತೆ. ಅದು ಗೊತ್ತಾಗಿದ್ದು, ಗಂಡನಿಗೆ ಸಿಗಬೇಕಾದ ಪದಕಕ್ಕಾಗಿ ಹೋರಾಡಿದ ಅವರ ಹೆಂಡತಿ ಜೋಆನ್ ಬಗ್ಗೆ ಓದಿದಾಗ. ಅವತ್ತಿನಿಂದ ಒಳಗೊಂದು ಸಿಟ್ಟು ಕೂತಿದೆ.

ವುಡ್ಸನ್ ಫಿಲಡೆಲ್ಫಿಯಾದವರು. ಡಾಕ್ಟರ್ ಆಗಬೇಕು ಅಂತ ಓದುತ್ತಿದ್ದವರು ಎರಡನೇ ಮಹಾಯುದ್ಧ ಬಂತೆಂದು ಸೇನೆ ಸೇರಿದರು. ಅಧಿಕಾರಿಗಳ ಪರೀಕ್ಷೆ ಪಾಸಾದರು. ಆದರೆ ಕಪ್ಪು ಅಧಿಕಾರಿಗೆ ಕೊಡಲು ಜಾಗವೇ ಇಲ್ಲ ಎಂದರು. ಕೊನೆಗೆ 320ನೇ ಬೆರಾಜ್ ಬಲೂನ್ ಬೆಟಾಲಿಯನ್‌ನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಮೆಡಿಕ್ ಆದರು. ಆ ತುಕಡಿಯಲ್ಲಿದ್ದ ಸೈನಿಕರು ಕಪ್ಪು ಜನ. ಶತ್ರು ವಿಮಾನ ಕೆಳಗೆ ಹಾರಿಬರದಂತೆ ಉಕ್ಕಿನ ತಂತಿ ಕಟ್ಟಿದ ದೊಡ್ಡ ಬಲೂನುಗಳನ್ನು ಸಮುದ್ರ ತೀರದ ಮೇಲೆ ಹಾರಿಸಿ ನಿಲ್ಲಿಸುವುದು ಅವರ ಕೆಲಸ.

1944ರ ಜೂನ್ 6. ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ತೀರಕ್ಕೆ ಅಮೆರಿಕ ಮತ್ತು ಮಿತ್ರದೇಶಗಳ ಸೇನೆ ಇಳಿದ ದಿನ. ಜಾಗ ಒಮಾಹಾ ಬೀಚ್. ವುಡ್ಸನ್ ಇದ್ದ ದೋಣಿ ದಡ ಮುಟ್ಟುವ ಮೊದಲೇ ಸ್ಫೋಟಕ್ಕೆ ಸಿಕ್ಕಿತು. ತೊಡೆಗೆ, ಬೆನ್ನಿಗೆ ಚೂರುಗಳು ಹೊಕ್ಕವು. ಹಾಗೇ ಮರಳಿಗೆ ಇಳಿದು ಕೆಲಸ ಶುರು ಮಾಡಿದರು. ಗುಂಡು ತೆಗೆದರು, ಗಾಯ ಕಟ್ಟಿದರು, ಪ್ಲಾಸ್ಮಾ ಕೊಟ್ಟರು. ಒಬ್ಬನ ಪಾದವನ್ನೇ ಕತ್ತರಿಸಬೇಕಾಯಿತು. ಮುಳುಗುತ್ತಿದ್ದ ನಾಲ್ವರಿಗೆ ಉಸಿರು ಬರಿಸಿದರು. ಸುಮಾರು 30 ಗಂಟೆ ಹೀಗೇ, ಬಿದ್ದುಹೋಗುವ ತನಕ. ಸ್ವಲ್ಪ ಯೋಚನೆ ಮಾಡಿ, ಅವರಿಗಿನ್ನೂ 21 ವರ್ಷ.

ಸಿಕ್ಕಿದ್ದು ಬ್ರಾಂಜ್ ಸ್ಟಾರ್ ಎಂಬ ಕೆಳಗಿನ ದರ್ಜೆಯ ಪದಕ. ಅತಿ ದೊಡ್ಡದಾದ ಮೆಡಲ್ ಆಫ್ ಆನರ್ ಆ ಯುದ್ಧದಲ್ಲಿ ಹೋರಾಡಿದ ಒಬ್ಬನೇ ಒಬ್ಬ ಕಪ್ಪು ಸೈನಿಕನಿಗೂ ಆಗ ಸಿಗಲಿಲ್ಲ. 1997ರಲ್ಲಿ ಏಳು ಜನರಿಗೆ ಕೊಟ್ಟರು. ಅಷ್ಟು ಹೊತ್ತಿಗೆ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ಆ ಏಳರಲ್ಲಿ ವುಡ್ಸನ್ ಹೆಸರಿಲ್ಲ. ಕಾಗದ ಸಾಲದು ಅಂತ.

ಕಾಗದ ಎಲ್ಲಿ ಹೋಯಿತು? 1973ರ ಜುಲೈನಲ್ಲಿ ಸೇಂಟ್ ಲೂಯಿಸ್ ಪಕ್ಕದ ಸರ್ಕಾರಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1912ರಿಂದ 1960ರೊಳಗೆ ಸೇನೆ ಬಿಟ್ಟವರ ಕಡತಗಳಲ್ಲಿ ಶೇಕಡಾ 80ರಷ್ಟು ಸುಟ್ಟುಹೋದವು. ಬಿಳಿಯರದ್ದೂ ಸುಟ್ಟಿತು, ಕಪ್ಪು ಜನರದ್ದೂ ಸುಟ್ಟಿತು. ಆದರೆ ಬಿಳಿಯರ ಪದಕಗಳನ್ನು ಬೆಂಕಿಗೆ ಎಷ್ಟೋ ಮೊದಲೇ ಕೊಟ್ಟಾಗಿತ್ತು, ಅಲ್ವಾ?

ನಮ್ಮಜ್ಜಿ ಪಿಂಚಣಿಗೆ ಅಲೆದಿದ್ದು ನೆನಪಾಗುತ್ತದೆ. "ಫೈಲ್ ಸಿಗ್ತಾ ಇಲ್ಲಮ್ಮ, ನಿಮ್ಮ ಹತ್ರ ಏನಿದೆಯೋ ತನ್ನಿ" ಅಂತ ಕಿಟಕಿಯಾಚೆಯಿಂದ ಹೇಳುತ್ತಿದ್ದರು. ಕಳೆದದ್ದು ಅವರು, ಹುಡುಕಬೇಕಾದದ್ದು ಅಜ್ಜಿ. ಜೋಆನ್ ಅವರಿಗೂ ಇದೇ ಆಯಿತು ಅನ್ನಿಸುತ್ತದೆ.

ಇಲ್ಲಿ ಪುರಾವೆ ಇರಲೇ ಇಲ್ಲ ಅನ್ನುವ ಹಾಗೂ ಇಲ್ಲ. ಹಿಂದಿನ ಅಧ್ಯಕ್ಷ ಟ್ರೂಮನ್ ಕಾಲದ ದಾಖಲೆಗಳಿರುವ ಟ್ರೂಮನ್ ಲೈಬ್ರರಿಯಲ್ಲಿ ಒಂದು ಚೀಟಿ ಸಿಕ್ಕಿತು. ಯುದ್ಧದ ಕಾಲದಲ್ಲಿ ಫಿಲಿಯೋ ನ್ಯಾಶ್ ಎಂಬ ಸರ್ಕಾರಿ ಅಧಿಕಾರಿ ಬರೆದದ್ದು. ಫಿಲಡೆಲ್ಫಿಯಾದ ಈ ಕಪ್ಪು ಸೈನಿಕನಿಗೆ ದೊಡ್ಡ ಪದಕದ ಶಿಫಾರಸು ಬಂದಿದೆ, ಕೆಲವು ಬಿಳಿ ಹುಡುಗರಿಗೆ ಕೊಟ್ಟ ಹಾಗೆ ಅಧ್ಯಕ್ಷರೇ ಕೈಯಾರೆ ಕೊಡಬಹುದು ಎಂಬರ್ಥದ ಮಾತು ಅದರಲ್ಲಿದೆ. ಅಂದರೆ ಮೇಲಿನವರಿಗೆ ಆಗಲೇ ಗೊತ್ತಿತ್ತು! ನನಗೆ ಜಾಸ್ತಿ ನೋವಾಗಿದ್ದು ಇಲ್ಲೇ. ಮರೆತದ್ದಲ್ಲ, ಗೊತ್ತಿದ್ದೂ ಕೈಬಿಟ್ಟದ್ದು.

ವುಡ್ಸನ್ 2005ರಲ್ಲಿ ತೀರಿಕೊಂಡರು. ಜೋಆನ್ ಬಿಡಲಿಲ್ಲ. ಮಗ, ಸಂಸದರು, ಇತಿಹಾಸ ಹುಡುಕುವವರು ಜೊತೆಯಾದರು. 2024ರಲ್ಲಿ, ಆಕೆಗೆ 95 ವರ್ಷ ಆಗಿದ್ದಾಗ, ಎರಡನೇ ಅತಿ ದೊಡ್ಡ ಪದಕವಾದ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಘೋಷಣೆಯಾಯಿತು. ಸೈನಿಕರು ಆ ಪದಕವನ್ನು ಮೊದಲು ಒಮಾಹಾ ಬೀಚಿಗೆ, ಅದೇ ಮರಳಿಗೆ ಕೊಂಡೊಯ್ದರು. ಆ ಸುದ್ದಿ ಓದುತ್ತಾ ಕಣ್ಣು ತುಂಬಿತು.

ಆದರೂ ಹೇಳುತ್ತೇನೆ, ಸಾಲ ಪೂರ್ತಿ ತೀರಿಲ್ಲ. ಆ ಚೀಟಿಯಲ್ಲಿದ್ದದ್ದು ಅಧ್ಯಕ್ಷರು ಕೈಯಾರೆ ಕೊಡುವ ಪದಕ. ಆ ಮೆಡಲ್ ಆಫ್ ಆನರನ್ನೇ ಕೊಡಲಿ.