‘ತನ ಮನ ಧನ’ ಕಟ್ಟಿದವರ ಹೆಸರು

ಹೋದ ಭಾನುವಾರ ಪುಣೆಯಲ್ಲಿ ನಮ್ಮ ಕನ್ನಡದವರದೇ ಒಂದು ಸಣ್ಣ ಕಾರ್ಯಕ್ರಮ ಇತ್ತು. ಮಕ್ಕಳ ಹಾಡು, ಡ್ಯಾನ್ಸು, ಆಮೇಲೆ ಎಲ್ಲರಿಗೂ ಊಟ. ನನ್ನ ಮಗಳೂ ಹಾಡಿದಳು. ಅವಳಿಗೆ ಈಗ ಹದಿಮೂರು. ಕಲಾವತಿ ರಾಗದ ‘ತನ ಮನ ಧನ ತೋಪೇ ವಾರೂ’ ಅನ್ನುವ ಬಂದಿಶ್, ಅಂದರೆ ರಾಗ, ತಾಳಕ್ಕೆ ಕೂರಿಸಿ ಕಟ್ಟಿದ ಹಿಂದೂಸ್ತಾನಿ ಹಾಡು. ಅವಳು ಕೂತು ತಂಬೂರಿ ಆ್ಯಪ್ ಹಚ್ಚುವಾಗ ನಿರೂಪಕರು ಮೈಕಿನಲ್ಲಿ ಹೇಳಿದರು: ‘ಈಗ ಒಂದು ಪಾರಂಪರಿಕ ಬಂದಿಶ್.’

ಅದು ಪಾರಂಪರಿಕ ಅಲ್ಲ. ಅದನ್ನು ಕಟ್ಟಿದವರು ಹಿಂದೂಸ್ತಾನಿ ಗಾಯಕಿ ಡಾ. ಪ್ರಭಾ ಅತ್ರೆ. ಇದೇ ಪುಣೆಯಲ್ಲಿ ಹುಟ್ಟಿದವರು, ಇದೇ ಪುಣೆಯಲ್ಲಿ 2024ರ ಜನವರಿ 13ರಂದು ತೀರಿಕೊಂಡವರು. ಆಗ ಅವರಿಗೆ 91 ವರ್ಷ. ಅವತ್ತು ಮುಂಬಯಿಯಲ್ಲಿ ಅವರ ಕಾರ್ಯಕ್ರಮ ಇತ್ತು. ಹಾಡಲು ಹೊರಡಬೇಕಾದ ದಿನವೇ ಹೋಗಿಬಿಟ್ಟರು.

ನಿರೂಪಕರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ಚೀಟಿ ಕೊಟ್ಟವಳು ನಾನೇ. ಅದರಲ್ಲಿ ಮಗಳ ಹೆಸರು, ಶಾಲೆ, ರಾಗ ಬರೆದಿದ್ದೆ. ರಚನೆ ಯಾರದು ಅಂತ ಬರೆಯಲಿಲ್ಲ. ಧಾರವಾಡದಲ್ಲಿ ಬೆಳೆದವಳು ನಾನು, ಕಿರಾಣಾ ಘರಾಣೆ ಅನ್ನುವ ಹಿಂದೂಸ್ತಾನಿ ಗಾಯನ ಪರಂಪರೆ ಅಂದರೆ ಮನೆಯ ಮಾತು ಅನ್ನುವ ಹಾಗೆ ದೊಡ್ಡವಳಾದವಳು. ನನಗೇ ಅದು ಹೊಳೆಯಲಿಲ್ಲ. ಮೈಕಿನಲ್ಲಿ ಆ ಮಾತು ಕೇಳಿದಾಗ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗಾಯಿತು.

ಮನೆಗೆ ಬಂದು ಮಗಳ ಸಂಗೀತದ ನೋಟ್‌ಬುಕ್ ತೆಗೆದು ನೋಡಿದೆ. ನೀಲಿ ಪೆನ್ನಿನಲ್ಲಿ ಬಂದಿಶಿನ ಎರಡು ಭಾಗ, ಸ್ಥಾಯಿ, ಅಂತರಾ ಬರೆದಿತ್ತು. ಕೆಳಗೆ ಸ್ವರಲಿಪಿ. ಸಮ್, ಅಂದರೆ ತಾಳದ ಮೊದಲ ಪೆಟ್ಟು, ಬೀಳುವ ಕಡೆ ಕೆಂಪು ಗುರುತು. ಕಟ್ಟಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಹಿಂದಿನ ಪುಟದ ಮಾರುಬಿಹಾಗ್ ಬಂದಿಶ್, ‘ಜಾಗೂ ಮೈ ಸಾರೀ ರೈನಾ’, ಅದೂ ಅವರದೇ. ಅಲ್ಲೂ ಹೆಸರಿಲ್ಲ.

‘ಅವ್ವಾ, ಇದು ಹಳೇದಲ್ಲೇನು? ಮತ್ತ ಯಾರು ಮಾಡ್ಯಾರ?’

‘ಪ್ರಭಾ ಅತ್ರೆ ಅಂತ. ನೀ ಶಾಲಿಗೆ ಹೊಂಟ ಮ್ಯಾಲೂ ಇದ್ರು. ಇಲ್ಲೇ, ನಮ್ಮ ಊರಾಗ.’

‘ಮತ್ತ ನಮಗ್ಯಾಕ ಯಾರೂ ಹೇಳಲಿಲ್ಲ?’

ಅವಳ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬರೆಯಲು ಕೂತಿದ್ದೇನೆ.

ಪ್ರಭಾತಾಯಿ ಹುಟ್ಟಿದ್ದು 1932ರ ಸೆಪ್ಟೆಂಬರ್ 13ರಂದು. ಸಂಗೀತಗಾರರ ಮನೆ ಅಲ್ಲ ಅವರದು. ತಾಯಿ ಇಂದಿರಾಬಾಯಿಗೆ ಮೈ ಹುಷಾರಿರಲಿಲ್ಲ. ಸಂಗೀತ ಕಲಿತರೆ ಮನಸ್ಸಿಗೆ ಹಗುರಾಗುತ್ತದೆ ಅಂತ ಯಾರೋ ಹೇಳಿದರು. ಪಾಠ ಶುರುವಾಯಿತು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಎಂಟು ವರ್ಷದ ಮಗಳಿಗೆ ಅದು ಹಿಡಿಸಿಬಿಟ್ಟಿತು. ತಾಯಿಯ ಪಾಠ ಸ್ವಲ್ಪ ದಿನಕ್ಕೆ ನಿಂತಿತು. ಮಗಳದು ನಿಲ್ಲಲಿಲ್ಲ.

ಮುಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಸೈನ್ಸ್ ಓದಿದರು, ಆಮೇಲೆ ಕಾನೂನು ಓದಿದರು. ಕಥಕ್ ಕಲಿತರು. ಪಾಶ್ಚಾತ್ಯ ಸಂಗೀತದ ಥಿಯರಿ ಪರೀಕ್ಷೆಯನ್ನೂ ಕೊಟ್ಟರು. ಮರಾಠಿ ಸಂಗೀತ ನಾಟಕಗಳಲ್ಲಿ ಪಾತ್ರ ಮಾಡಿದರು. ಆಕಾಶವಾಣಿಯಲ್ಲಿ ಸುಮಾರು ಹತ್ತು ವರ್ಷ ಕೆಲಸ ಮಾಡಿದರು. ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದರು. 1990ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ, 2022ರಲ್ಲಿ ಪದ್ಮವಿಭೂಷಣ. ಇಷ್ಟನ್ನು ಯಾವ ಪೇಪರಿನಲ್ಲಾದರೂ ಓದಬಹುದು.

ನನಗೆ ಮುಖ್ಯ ಅನಿಸುವುದು ಅವರಿಗೆ ಸಿಕ್ಕ ಗುರುಗಳು. ಸುರೇಶಬಾಬು ಮಾನೆ ಮತ್ತು ಅವರ ತಂಗಿ ಹೀರಾಬಾಯಿ ಬಡೋದೇಕರ್. ಇಬ್ಬರೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ಮಕ್ಕಳು. ಸುರೇಶಬಾಬು 1953ರಲ್ಲಿ ತೀರಿಕೊಂಡಾಗ ಪ್ರಭಾ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು. ಆಮೇಲೆ ಹೀರಾಬಾಯಿ ಅವರನ್ನು ಜೊತೆಗೆ ಕರೆದುಕೊಂಡರು, ಊರೂರಿಗೆ ಕರೆದೊಯ್ದು ವೇದಿಕೆಯಲ್ಲಿ ಹಿಂದೆ ಕೂರಿಸಿ ಹಾಡಿಸಿದರು. ಹೆಂಗಸರು ಮರ್ಯಾದೆಯಿಂದ ಟಿಕೆಟ್ ಇಟ್ಟು ಕಛೇರಿ ಮಾಡುವುದೇ ಅಪರೂಪವಾಗಿದ್ದ ಕಾಲದಲ್ಲಿ ಆ ದಾರಿ ಮಾಡಿಕೊಟ್ಟ ಮೊದಲಿಗರಲ್ಲಿ ಹೀರಾಬಾಯಿ ಒಬ್ಬರು. ಅಂಥವರ ಬೆನ್ನ ಹಿಂದೆ ಕೂತು ಕಲಿಯುವುದು ಅಂದರೆ ಸುಮ್ನೆ ಅಲ್ಲ.

ಖಾನ್ ಸಾಹೇಬರು ನಮ್ಮ ಧಾರವಾಡಕ್ಕೆ ಹೊಸಬರಲ್ಲ. ಮೈಸೂರು ದರ್ಬಾರಿಗೆ ಹೋಗುವಾಗ, ಬರುವಾಗ ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುವುದನ್ನು ಕೇಳಲು ಖಾನ್ ಸಾಹೇಬರೇ ಅವರ ಮನೆಗೆ ಬರುತ್ತಿದ್ದರಂತೆ. ನಮ್ಮ ಅಪ್ಪ ಸಂಜೆ ರೇಡಿಯೊ ಮುಂದೆ ಕೂತು ಬೆರಳು ಮಡಚಿ ಎಣಿಸುತ್ತಿದ್ದರು: ಸವಾಯಿ ಗಂಧರ್ವರು, ಗಂಗೂಬಾಯಿ, ಭೀಮಸೇನ ಜೋಶಿ, ಬಸವರಾಜ ರಾಜಗುರು. ಅಷ್ಟಕ್ಕೆ ನಿಲ್ಲುತ್ತಿತ್ತು. ಖಾನ್ ಸಾಹೇಬರ ಸ್ವಂತ ಮಕ್ಕಳಿಂದ ಪುಣೆ, ಮುಂಬಯಿಯಲ್ಲಿ ಬೆಳೆದ ಟೊಂಗೆ ಆ ಎಣಿಕೆಯಲ್ಲಿ ಬರುತ್ತಲೇ ಇರಲಿಲ್ಲ. ನಮ್ಮವರು ಅಂತ ಎಣಿಸುವಾಗ ಊರು ನೋಡುತ್ತೇವೆ. ಆದರೆ ಬೇರು ಒಂದೇ ಅಲ್ವಾ?

ಆ ಬೇರು ಎಷ್ಟು ನಮ್ಮದು ಅಂದರೆ ಸರಗಮ್ ಕೇಳಬೇಕು. ಖಾನ್ ಸಾಹೇಬರು ದಕ್ಷಿಣಾದಿ ಸಂಗೀತವನ್ನು ಮನಸಾರೆ ಕೇಳಿದವರು. ತ್ಯಾಗರಾಜರ ಕೃತಿಗಳನ್ನು ಹಾಡಿ ರೆಕಾರ್ಡ್ ಕೂಡ ಕೊಟ್ಟಿದ್ದಾರೆ. ಕರ್ನಾಟಕ ಸಂಗೀತದ ಕಲ್ಪನಾಸ್ವರದ, ಅಂದರೆ ಸ್ವರದ ಹೆಸರು ಹೇಳುತ್ತಾ ಆಗಲೇ ಕಟ್ಟಿ ಹಾಡುವುದರ, ರುಚಿ ಅವರ ಖಯಾಲ್ ಗಾಯನಕ್ಕೆ ಬಂತು. ಪ್ರಭಾ ಅತ್ರೆ ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಹಾಡಿದ್ದಷ್ಟೇ ಅಲ್ಲ, ಸರಗಮ್ ಬಗ್ಗೆಯೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು.

ಸಂಗೀತ ಕಲಿಯದವರಿಗೆ ಇದು ಯಾಕೆ ದೊಡ್ಡ ವಿಷಯ ಅಂತ ಅನಿಸಬಹುದು. ಹಿಂದೂಸ್ತಾನಿಯ ಮುಖ್ಯ ಶೈಲಿಯಾದ ಖಯಾಲಿನಲ್ಲಿ ‘ಆ’ ಅಂತ ದನಿ ಎಳೆದು ರಾಗ ಬೆಳೆಸುತ್ತಾರೆ. ಅದರ ಬದಲು ‘ಗ ಪ ದ ನಿ’ ಅಂತ ಸ್ವರದ ಹೆಸರನ್ನೇ ಹೇಳಿ ಹಾಡಿದರೆ ಅದು ಸರಗಮ್. ಉತ್ತರಾದಿಯಲ್ಲಿ ಎಷ್ಟೋ ಜನಕ್ಕೆ ಇದು ಹಿಡಿಸುತ್ತಿರಲಿಲ್ಲ. ಸ್ವರದ ಹೆಸರು ಪಾಠದಲ್ಲಿ ಇರಬೇಕು, ಕಛೇರಿಯಲ್ಲಿ ಬೇಡ ಅನ್ನುವವರು ಇದ್ದರು. ಪ್ರಭಾತಾಯಿ ಒಪ್ಪಲಿಲ್ಲ. ಪದ ಹೇಗೆ ರಾಗಕ್ಕೆ ಸಾಮಗ್ರಿಯೋ ಸರಗಮ್ಮೂ ಹಾಗೇ ಅಂತ ಹಾಡಿ ತೋರಿಸಿದರು, ಬರೆದು ವಾದಿಸಿದರು. ಅವರ ಕಲಾವತಿ ಕೇಳಿ ನೋಡಿ. ‘ಗ’ ಅಂದಾಗ ಮೆತ್ತಗೆ ಇಳಿಯುತ್ತದೆ, ‘ಪ’ ಅಂದಾಗ ನೆಲ ಸಿಕ್ಕ ಹಾಗೆ ನಿಲ್ಲುತ್ತದೆ, ‘ದ’ ತುದಿಗೆ ಹೋಗಿ ‘ನಿ’ಯನ್ನು ಮುಟ್ಟಿ ಬರುತ್ತದೆ. ವ್ಯಂಜನದ ಪೆಟ್ಟು, ಸ್ವರದ ಎಳೆತ ಎರಡೂ ಒಟ್ಟಿಗೆ. ಕಲ್ಪನಾಸ್ವರ ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಮನೆಯ ಅಡುಗೆ ಇದ್ದಂತೆ. ಕಲಾವತಿಯೂ ಅಷ್ಟೇ. ರಿಷಭ, ಮಧ್ಯಮ ಇಲ್ಲದ ಐದು ಸ್ವರದ ರಾಗ. ದಕ್ಷಿಣಾದಿಯ ವಲಚಿಯಲ್ಲೂ ಇವೇ ಸ್ವರಗಳು.

ಅವರ ಮೇಲೆ ಇನ್ನಿಬ್ಬರ ಪ್ರಭಾವ ಇತ್ತು, ಅದನ್ನು ಅವರೇ ಒಪ್ಪಿಕೊಂಡಿದ್ದರು. ಉಸ್ತಾದ್ ಅಮೀರ್ ಖಾನ್ ಮತ್ತು ಉಸ್ತಾದ್ ಬಡೇ ಗುಲಾಂ ಅಲಿ ಖಾನ್. ಅವಸರ ಇಲ್ಲದೆ ರಾಗವನ್ನು ಬಿಡಿಸುವ ರೀತಿಯಲ್ಲಿ ಅಮೀರ್ ಖಾನರ ನೆನಪಾಗುತ್ತದೆ. ಠುಮ್ರಿ ಅನ್ನುವ ಲಘು ಶೈಲಿಯ ಹಾಡಿನ ಮುರಕಿಗಳಲ್ಲಿ, ಅಂದರೆ ಚುರುಕಾದ ಪುಟ್ಟ ಸ್ವರದ ತಿರುವುಗಳಲ್ಲಿ, ಬಡೇ ಗುಲಾಂ ಅಲಿಯವರ ನೆನಪು ಬರುತ್ತದೆ. ಆದರೂ ಎರಡು ನಿಮಿಷ ಕೇಳಿದರೆ ಸಾಕು, ಇದು ಪ್ರಭಾ ಅತ್ರೆಯದೇ ದನಿ ಅಂತ ಗೊತ್ತಾಗುತ್ತದೆ.

ಈಗ ಬಂದಿಶಿನ ವಿಷಯ. ನಾನು ಹೇಳಬೇಕು ಅಂತ ಕೂತಿರುವುದು ಇದನ್ನೇ.

ಅವರು ನೂರಾರು ಬಂದಿಶ್ ಕಟ್ಟಿದ್ದಾರೆ. ಖಯಾಲ್, ತರಾನಾ, ಠುಮ್ರಿ, ದಾದ್ರಾ, ಭಜನ್, ಎಲ್ಲಾ. ಸ್ವರಲಿಪಿ ಸಮೇತ ಪುಸ್ತಕವಾಗಿಯೂ ತಂದಿದ್ದಾರೆ. ಅಪೂರ್ವ ಕಲ್ಯಾಣ್, ಮಧುರಕೌಂಸ್, ತಿಲಂಗ್ ಭೈರವ್, ಪಟದೀಪ್ ಮಲ್ಹಾರ್, ಹೀಗೆ ಹೊಸ ರಾಗಗಳನ್ನೂ ಮಾಡಿದ್ದಾರೆ.

ಅವರ ಕೆಲಸ ಎಷ್ಟು ಬಿಗಿ ಅಂತ ನನಗೆ ತಿಳಿದದ್ದು ಮೊನ್ನೆ ಮಗಳ ನೋಟ್‌ಬುಕ್ ಹಿಡಿದು ಕೂತಾಗ. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಲಘು, ಗುರು ಹಾಕಿಸುತ್ತಿದ್ದರಲ್ಲ, ಹಾಗೇ ಪೆನ್ಸಿಲಿನಿಂದ ಹಾಕುತ್ತಾ ಹೋದೆ. ‘ತನ ಮನ ಧನ’, ಆರಕ್ಕೆ ಆರೂ ಲಘು. ಆಮೇಲೆ ‘ತೋಪೇ ವಾರೂ’, ನಾಲ್ಕಕ್ಕೆ ನಾಲ್ಕೂ ಗುರು. ಮೊದಲು ಪುಟ್ಟ ಪುಟ್ಟ ಹೆಜ್ಜೆ, ಆಮೇಲೆ ‘ಓ’, ‘ಏ’, ‘ಆ’, ‘ಊ’ ಅಂತ ಬಾಯಿ ತುಂಬ ದನಿ. ಹಾಡುವವರಿಗೆ ಉಸಿರು ಎಲ್ಲಿ ಬೇಕು, ದನಿ ಎಲ್ಲಿ ಬಿಚ್ಚಬೇಕು ಅಂತ ಗೊತ್ತಿದ್ದವರು ಮಾತ್ರ ಹೀಗೆ ಪದ ಇಡಬಲ್ಲರು. ಆಮೇಲೆ ಮಾರುಬಿಹಾಗ್‌ಗೆ ಹಾಕಿದೆ. ‘ಜಾಗೂ ಮೈ ಸಾರೀ ರೈನಾ’, ರಾತ್ರಿಯಿಡೀ ಎದ್ದಿದ್ದೇನೆ ಅನ್ನುವ ಸಾಲು. ಏಳು ಅಕ್ಷರ, ಏಳೂ ಗುರು. ನಿದ್ದೆ ಬಾರದ ರಾತ್ರಿ ಎಷ್ಟು ಉದ್ದವೋ ಸಾಲೂ ಅಷ್ಟು ಉದ್ದ. ನನಗೆ ಮೈ ಜುಮ್ಮೆಂದಿತು.

ಇನ್ನೊಂದು ಮಾತು. ಹಳೆಯ ಬಂದಿಶುಗಳಲ್ಲಿ ಅತ್ತೆ, ನಾದಿನಿ, ಸವತಿ ಜಾಸ್ತಿ. ಕಾಯುವವಳು, ಅಳುವವಳು, ಮುನಿಸಿಕೊಳ್ಳುವವಳು ಎಲ್ಲಾ ಹೆಣ್ಣೇ. ಆದರೆ ಅವುಗಳಲ್ಲಿ ಬಹಳಷ್ಟನ್ನು ಬರೆದವರು ಗಂಡಸರು. ಒಬ್ಬ ಹೆಣ್ಣುಮಗಳೇ ಕೂತು ‘ನಾನು ಎದ್ದಿದ್ದೇನೆ’ ಅಂತ ಬರೆದು, ಅದಕ್ಕೆ ಸ್ವರ ಕೂರಿಸಿ, ತಾನೇ ಹಾಡಿದಾಗ ಆ ‘ನಾನು’ ಬೇರೆ ಥರ ಕೇಳಿಸುತ್ತದೆ. ಯಾರೋ ಅವಳ ಪರವಾಗಿ ಮಾತಾಡಿದ ಹಾಗೆ ಅನಿಸುವುದಿಲ್ಲ.

ಅಂಥವರ ಹೆಸರು ಹೇಗೆ ಬಿಟ್ಟುಹೋಗುತ್ತದೆ? ಖಯಾಲಿನಲ್ಲಿ ಕೆಲವರು ಅಂಕಿತ ಇಡುತ್ತಾರೆ. ಸದಾರಂಗ ಅಂದರೆ ನಿಯಾಮತ್ ಖಾನ್, ಸಬರಂಗ ಅಂದರೆ ಬಡೇ ಗುಲಾಂ ಅಲಿ. ಅಂಕಿತ ಇಲ್ಲದ ಬಂದಿಶ್ ಬಾಯಿಂದ ಬಾಯಿಗೆ ಹೋಗುತ್ತಾ ಬೇಗ ಅನಾಥವಾಗುತ್ತದೆ. ನಮ್ಮ ಅಜ್ಜಿ ಸಂಜೆ ದೀಪ ಹಚ್ಚಿ ಹರಪನಹಳ್ಳಿ ಭೀಮವ್ವನ ಹಾಡು ಹೇಳುತ್ತಿದ್ದಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಕೊನೆಯಲ್ಲಿ ‘ಭೀಮೇಶಕೃಷ್ಣ’ ಬಂತು ಅಂದರೆ ಇದು ಭೀಮವ್ವನದು ಅಂತ ಅವಳಿಗೆ ಗೊತ್ತು. ‘ಚೆನ್ನಮಲ್ಲಿಕಾರ್ಜುನ’ ಅಂದರೆ ಅಕ್ಕ ಅಂತ ನಮ್ಮಲ್ಲಿ ಸಣ್ಣ ಮಗುವಿಗೂ ಗೊತ್ತು. ಹೆಣ್ಣು ಕಟ್ಟಿದ ಪದಕ್ಕೆ ಅವಳ ಗುರುತನ್ನು ಎಂಟುನೂರು ವರ್ಷದಿಂದ ಕಾಪಾಡಿಕೊಂಡು ಬಂದ ಭಾಷೆ ನಮ್ಮದು. ಪುಣೆಯಲ್ಲಿ ಕೂತ ನಾವು ಐವತ್ತು ವರ್ಷದ ಹಿಂದಿನ ಬಂದಿಶಿಗೆ ‘ಪಾರಂಪರಿಕ’ ಅಂತ ಹೇಳುವುದು ಸರಿಯೇ?

ಅಂಕಿತ ಒಂದೇ ಕಾರಣ ಅಲ್ಲ ಅಂತಲೂ ನನಗೆ ಅನಿಸುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಹೊಸ ಬಂದಿಶ್, ಹೊಸ ರಾಗ ಮಾಡಿದರು. ಅವರನ್ನು ನಾವು ವಾಗ್ಗೇಯಕಾರ, ಅಂದರೆ ಪದ, ಸ್ವರ ಎರಡನ್ನೂ ಕಟ್ಟುವವರು, ಅಂತ ಬಾಯಿ ತುಂಬ ಕರೆಯುತ್ತೇವೆ. ಕರೆಯಲೇಬೇಕು, ಅವರು ಅಷ್ಟು ದೊಡ್ಡವರು. ಪ್ರಭಾ ಅತ್ರೆ ಬಗ್ಗೆ ಮಾತು ಬಂದರೆ ‘ಹಿರಿಯ ಗಾಯಕಿ’ ಅನ್ನುತ್ತೇವೆ, ಬಹಳ ಮಧುರ ಕಂಠ ಅನ್ನುತ್ತೇವೆ. ಇನ್ನೊಬ್ಬ ಗಾಯಕಿ ಕಿಶೋರಿ ಅಮೋಣಕರ್ ಅವರ ‘ಸಹೇಲಾ ರೇ’ ಬಂದಿಶಿನ ವಿಷಯದಲ್ಲೂ ಇದೇ. ಭೂಪ್ ರಾಗ ಹಾಡಿದ್ದು ನೆನಪಿರುತ್ತದೆ, ಅದನ್ನು ಕಟ್ಟಿದ್ದೂ ಅವರೇ ಅನ್ನುವುದು ಮರೆಯುತ್ತದೆ. ಹೆಂಗಸರ ಗಂಟಲನ್ನು ಹೊಗಳುವುದು ನಮಗೆ ಸಲೀಸು. ಅವರ ತಲೆಯನ್ನು ಹೊಗಳುವುದು ಇನ್ನೂ ಅಭ್ಯಾಸ ಆಗಿಲ್ಲ.

ಅವರನ್ನು ನಾನು ಎದುರಿಗೆ ಕೇಳಿದ್ದು ಸವಾಯಿ ಗಂಧರ್ವ ಮಹೋತ್ಸವದಲ್ಲಿ, ಅದು ಇನ್ನೂ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿದ್ದಾಗ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ ಪುಣೆಯಲ್ಲಿ ಕಟ್ಟಿ ಬೆಳೆಸಿದ ಉತ್ಸವ ಅದು, 1953ರಿಂದ. ಭೀಮಸೇನರ ನಂತರ ಹಲವು ವರ್ಷ ಕೊನೆಯ ಗಾಯನ ಪ್ರಭಾತಾಯಿಯದೇ. ಡಿಸೆಂಬರ್ ಚಳಿ. ಜನ ಶಾಲು ಹೊದ್ದು ಕೂತಿದ್ದರು, ಯಾರೂ ಏಳುತ್ತಿರಲಿಲ್ಲ. ಎಂಬತ್ತು ದಾಟಿದ ಹೆಂಗಸು, ಬಿಳಿ ಕೂದಲು, ಬೆನ್ನು ನೆಟ್ಟಗೆ. ಷಡ್ಜ ಹಚ್ಚಿದರು ನೋಡಿ, ಪಕ್ಕದಲ್ಲಿ ಪಿಸುಗುಡುತ್ತಿದ್ದವರು ಸುಮ್ಮನಾದರು. ಅವರ ಹಾಡು ಮುಗಿದ ಮೇಲೆ ವಾಡಿಕೆಯಂತೆ ಸವಾಯಿ ಗಂಧರ್ವರ ಭೈರವಿ ರೆಕಾರ್ಡ್ ಹಾಕಿದರು. ಎದ್ದು ನಿಂತು ಕೇಳುವಾಗ ನನಗೆ ಅಪ್ಪ ಬೆರಳು ಮಡಚುತ್ತಿದ್ದದ್ದು ನೆನಪಾಯಿತು. ಇನ್ನೊಂದು ಬೆರಳು ಬಾಕಿ ಇತ್ತು ಅಪ್ಪಾ, ಅಂತ ಹೇಳಬೇಕು ಅನಿಸಿತು. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಪುಣೆ, ಮುಂಬಯಿ, ಗೋವಾದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಕಲಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರು ಬಹಳ ಜನ ಇದ್ದೀರಿ. ಒಂದೇ ಕೆಲಸ ಮಾಡಿ. ಇವತ್ತು ಮಕ್ಕಳ ನೋಟ್‌ಬುಕ್ ತೆಗೆಯಿರಿ. ಪ್ರತಿ ಬಂದಿಶಿನ ಮೇಲೆ ರಾಗ, ತಾಳ ಬರೆದಿರುತ್ತದೆ. ಕಟ್ಟಿದವರು ಯಾರು ಅಂತ ಗುರುಗಳನ್ನು ಕೇಳಿ, ಪಕ್ಕದಲ್ಲಿ ಬರೆಸಿ. ಕೇಳಿದರೆ ಗುರುಗಳು ಖುಷಿಯಿಂದ ಹೇಳುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ.

ಮುಂದಿನ ತಿಂಗಳು ಮಗಳು ಮತ್ತೆ ಹಾಡುತ್ತಾಳೆ, ಈ ಸಲ ಮಾರುಬಿಹಾಗ್. ನಿನ್ನೆ ರಾತ್ರಿ ಚೀಟಿ ಅವಳೇ ಬರೆದಳು. ಕನ್ನಡ ಅಕ್ಷರ ಮನೆಯಲ್ಲೇ ಕಲಿತದ್ದು, ಇನ್ನೂ ಸ್ವಲ್ಪ ಓರೆಕೋರೆ. ‘ರಾಗ ಮಾರುಬಿಹಾಗ್. ತೀನ್ ತಾಲ್. ರಚನೆ ಡಾ. ಪ್ರಭಾ’ ಅಂತ ಬರೆದು ನಿಲ್ಲಿಸಿದಳು. ‘ಅವ್ವಾ, ತ ಅಕ್ಷರಕ್ಕ ರ ಒತ್ತು ಹೆಂಗ ಹಚ್ಚೋದು?’ ಅಂದಳು. ಟೇಬಲ್ ಮೇಲೆ ಬೆರಳಿನಿಂದ ಬರೆದು ತೋರಿಸಿದೆ.