ರಾತ್ರಿ ಎಚ್ಚರ ಆದ್ರೆ ಲಿವರ್ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?

ಆ ದುಂಡನೆಯ ಗಡಿಯಾರದ ಚಿತ್ರ ಮತ್ತೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿದೆ. ರಾತ್ರಿ 1ರಿಂದ 3 ಲಿವರ್ ಸಮಯ, 3ರಿಂದ 5 ಶ್ವಾಸಕೋಶದ ಸಮಯ, 5ರಿಂದ 7 ದೊಡ್ಡ ಕರುಳಿನ ಸಮಯ. ಯಾವ ಹೊತ್ತಲ್ಲಿ ಎಚ್ಚರ ಆಗುತ್ತೋ ಆ ಅಂಗ ಕೆಟ್ಟಿದೆ ಅಂತ ಅರ್ಥವಂತೆ. ಚೀನಾದ ಐದು ಸಾವಿರ ವರ್ಷದ ವಿಜ್ಞಾನವಂತೆ. ಚಿಕ್ಕಮ್ಮ ಕೂಡಲೇ ಕೇಳಿದರು, "ನಂಗೆ ದಿನಾ ಎರಡೂವರೆಗೆ ಎಚ್ಚರ ಆಗುತ್ತೆ ಕಣೇ, ಲಿವರ್ ಟೆಸ್ಟ್ ಮಾಡಿಸ್ಲಾ?"

ನನ್ನ ಸಿಟ್ಟು ಚೀನಾದ ವೈದ್ಯದ ಮೇಲಲ್ಲ. ಈ ಫಾರ್ವರ್ಡ್ ಆ ವೈದ್ಯಕ್ಕೂ ನ್ಯಾಯ ಮಾಡಲ್ಲ, ನಮ್ಮ ಲಿವರಿಗೂ ಮಾಡಲ್ಲ.

ಆ ಚಿತ್ರದ ಹಿಂದಿರುವುದು ಮೆರಿಡಿಯನ್, ಅಂದರೆ ದೇಹದಲ್ಲಿ ಶಕ್ತಿ ಹರಿಯುತ್ತದೆ ಅಂತ ಚೀನಾದ ವೈದ್ಯರು ಹೇಳುವ ದಾರಿ. ಮೊದಲು ಅವರ ಲಿವರ್ ಮೆರಿಡಿಯನ್ ಏನು ಅಂತ ನೋಡಿ. ಕಾಲಿನ ಹೆಬ್ಬೆರಳಿನ ಉಗುರಿನ ಪಕ್ಕ ಅದು ಶುರು. ಪಾದದ ಮೇಲೆ ಹಾದು, ಕಾಲಿನ ಒಳಬದಿಯಲ್ಲೇ ಏರಿ, ಜನನಾಂಗವನ್ನು ಸುತ್ತಿ, ಕಿಬ್ಬೊಟ್ಟೆಗೆ ಬರುತ್ತದೆ. ಅಲ್ಲಿಂದ ಲಿವರ್, ಪಿತ್ತಕೋಶ, ಪಕ್ಕೆಲುಬು, ಗಂಟಲು, ಕಣ್ಣು ದಾಟಿ ನೆತ್ತಿವರೆಗೆ ಹೋಗುತ್ತದೆ. ಅಕ್ಯುಪಂಕ್ಚರ್‌ನಲ್ಲಿ ಸೂಜಿ ಚುಚ್ಚುವ ಬಿಂದುಗಳು ಇದರಲ್ಲಿ 14. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಮೂಳೆಗಳ ನಡುವೆ ಪಾದದ ಮೇಲೆ ಒಂದು ತಗ್ಗು ಸಿಗುತ್ತದಲ್ಲ, ಅದು ತಾಯ್‌ಚೋಂಗ್. ಈ ದಾರಿಯ ಬಿಂದುಗಳಲ್ಲೇ ಅದಕ್ಕೆ ಹೆಸರು ಜಾಸ್ತಿ.

ಇಷ್ಟುದ್ದದ ದಾರಿ ಯಾಕೆ ಬೇಕಾಯ್ತು? ಅವರ ಹಳೆಯ ಗ್ರಂಥ ಹ್ವಾಂಗ್‌ದಿ ನೇಯ್‌ಜಿಂಗ್‌ನಲ್ಲಿ ಲಿವರ್ ಅಂದರೆ ಸೇನಾಪತಿ. ಯುದ್ಧದ ಉಪಾಯ ಹೂಡುವವನು. ರಕ್ತವನ್ನು ಕೂಡಿಡುವುದು, 'ಚಿ' ಅನ್ನುವ ಶಕ್ತಿ ಎಲ್ಲೂ ಕಟ್ಟಿಕೊಳ್ಳದೆ ಹರಿಯುವಂತೆ ನೋಡುವುದು ಅದರ ಕೆಲಸ. ಸಿಟ್ಟು ಅದರ ಭಾವ, ಕಣ್ಣು ಅದರ ಬಾಗಿಲು, ವಸಂತ ಅದರ ಋತು. ಈಗ ರೋಗಿ ಬಂದು, ಮನೆಯಲ್ಲಿ ಜಗಳ, ಪಕ್ಕೆ ಬಿಗಿತ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಮುಟ್ಟಿನ ಹೊಟ್ಟೆನೋವು, ನೆತ್ತಿಯಲ್ಲಿ ತಲೆನೋವು ಅಂದಳು ಅನ್ನಿ. ಸಿಟ್ಟು ನುಂಗಿಕೊಂಡು ಬದುಕುವ ಹೆಂಗಸಿನಲ್ಲಿ ಇವೆಲ್ಲ ಒಟ್ಟಿಗೆ ಬರುವುದನ್ನು ಆ ವೈದ್ಯರು ನೋಡಿದ್ದಾರೆ, ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿದ್ದಾರೆ. ನನಗೆ ಇದು ಬಹಳ ಇಷ್ಟ. ಐದು ತೊಂದರೆಗೆ ಐದು ಡಾಕ್ಟರ ಹತ್ತಿರ ಓಡುವ ನಮ್ಮ ಕಾಲದಲ್ಲಿ ಹೀಗೆ ಕೂತು ಕೇಳುವವರೇ ಕಡಿಮೆ, ಅಲ್ವಾ?

ಆದರೆ ಈ ಸೇನಾಪತಿ ನಮ್ಮ ರಕ್ತ ಪರೀಕ್ಷೆಯ ಎಸ್‌ಜಿಪಿಟಿ ರಿಪೋರ್ಟಿನ ಲಿವರ್ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಲಿವರ್ ಬಲಗಡೆ ಕಾಣುತ್ತದೆ. ಚೀನಾದ ವೈದ್ಯರು ಅದರ ನಾಡಿ ಹಿಡಿಯುವುದು ಎಡ ಮಣಿಕಟ್ಟಿನಲ್ಲಿ. ಅವರಲ್ಲೇ ವಾಂಗ್ ಚಿಂಗ್‌ರೆನ್ ಅನ್ನುವ ವೈದ್ಯನಿಗೆ ಇದು ಸಾಕಾಗಿಹೋಯಿತು. 1797ರಲ್ಲಿ ಸಾಂಕ್ರಾಮಿಕ ರೋಗಕ್ಕೆ ಸತ್ತ ಮಕ್ಕಳ ಶವಗಳನ್ನು ಸ್ಮಶಾನದಲ್ಲಿ ತಾನೇ ಹೋಗಿ ನೋಡಿದ. ಹಳೆಯವರು ಬರೆದ ಅಂಗಗಳ ಚಿತ್ರ ತಪ್ಪು ಅಂತ 1830ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಪಶ್ಚಿಮದವರು ಬಂದು ಹೇಳಿಕೊಟ್ಟದ್ದಲ್ಲ ಇದು.

ಐದು ಸಾವಿರ ವರ್ಷ ಅನ್ನುವ ಮಾತೂ ನಿಲ್ಲಲ್ಲ. ಚೀನಾದ ಚಾಂಗ್‌ಶಾ ನಗರದ ಹತ್ತಿರದ ಮಾವಾಂಗ್‌ದ್ವೇಯ್‌ನಲ್ಲಿ 1973ರಲ್ಲಿ ಒಂದು ಸಮಾಧಿ ಅಗೆದರು. ಅದನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯ ಗ್ರಂಥಗಳು. ಅವುಗಳಲ್ಲಿ ಇರುವ ದಾರಿಗಳು ಈಗ ಹೇಳುವ ಹಾಗೆ 12 ಅಲ್ಲ, 11. ಅವು ಒಂದಕ್ಕೊಂದು ಸೇರಿ ಸುತ್ತು ಬರುವುದಿಲ್ಲ. ಸೂಜಿಯ ಮಾತಿಲ್ಲ, ಸೊಪ್ಪು ಸುಟ್ಟು ಕಾವು ಕೊಡುವುದಷ್ಟೇ. ಕಾಲಿನ ಒಳಬದಿಯ ಈ ದಾರಿ ಅಲ್ಲಿದೆ, ಆದರೆ ಅದನ್ನು ಲಿವರಿಗೆ ಕಟ್ಟಿಲ್ಲ. ಲಿವರಿಗೂ ಈ ದಾರಿಗೂ ಗಂಟು ಹಾಕಿದ್ದು ಆಮೇಲಿನವರು. ಯೋಚಿಸುತ್ತ, ತಿದ್ದುತ್ತ ಬಂದ ವೈದ್ಯ ಅದು. ಅದನ್ನು ಆಕಾಶದಿಂದ ಇಳಿದ ಹಾಗೆ ಮಾಡಿದ್ದು ನಾವು.

ಇನ್ನು ಗಡಿಯಾರ. 12ನೇ ಶತಮಾನದ ಹೊತ್ತಿಗೆ ಇದು ಒಂದು ಪದ್ಧತಿಯಾಗಿ ನಿಂತಿತ್ತು. ಯಾವ ಹೊತ್ತಿಗೆ ಯಾವ ಬಿಂದುವಿಗೆ ಸೂಜಿ ಹಾಕಬೇಕು ಅಂತ ಲೆಕ್ಕ ಹಾಕಲು ಇದ್ದದ್ದು. ಎಚ್ಚರವಾದ ಹೊತ್ತು ನೋಡಿ ರೋಗ ಹೇಳಲು ಅಲ್ಲ. ಮತ್ತೆ ಅದು ಸೂರ್ಯನ ಸಮಯ, ಮೊಬೈಲಿನ ಸಮಯವಲ್ಲ. ಇಡೀ ಚೀನಾ ಈಗ ಬೀಜಿಂಗ್ ಸಮಯದಲ್ಲಿ ನಡೆಯುತ್ತದೆ. ಪಶ್ಚಿಮದ ಉರುಮ್ಚಿಯಲ್ಲಿ ಸೂರ್ಯ ಆ ಗಡಿಯಾರಕ್ಕಿಂತ ಎರಡು ಗಂಟೆಗೂ ಹೆಚ್ಚು ಹಿಂದೆ. ಅಲ್ಲಿಯವರ ಲಿವರ್ ಯಾರ ಮಾತು ಕೇಳಬೇಕು? ಬೆಂಗಳೂರಿನಲ್ಲೂ ಸುಮಾರು 20 ನಿಮಿಷದ ವ್ಯತ್ಯಾಸ ಇದೆ, ಇರಲಿ ಬಿಡಿ.

"ನೊಬೆಲ್ ಬಂದಿದೆಯಲ್ಲ" ಅನ್ನುತ್ತಾರೆ ಕೆಲವರು. ಹೌದು, 2017ರಲ್ಲಿ ದೇಹದ ಗಡಿಯಾರ ನಡೆಸುವ ಜೀನ್‌ಗಳ ಕೆಲಸಕ್ಕೆ ಮೂವರಿಗೆ ಬಂತು. ಲಿವರ್ ಕೋಶಗಳಿಗೂ ತಮ್ಮದೇ ಗಡಿಯಾರ ಇದೆ, ನಿಜ. ಆದರೆ ಅದನ್ನು ತಿರುಗಿಸುವುದರಲ್ಲಿ ನೀವು ಊಟ ಮಾಡುವ ಹೊತ್ತಿನ ಕೈ ದೊಡ್ಡದು. ನೈಟ್ ಶಿಫ್ಟ್ ಮಾಡಿ ರಾತ್ರಿ ಎರಡಕ್ಕೆ ಅನ್ನ ಉಣ್ಣುವವನ ಲಿವರ್ ಬೇರೆ ಲೆಕ್ಕದಲ್ಲಿ ನಡೆಯುತ್ತದೆ. ಆ ಚಿತ್ರಕ್ಕೂ ಈ ನೊಬೆಲ್‌ಗೂ ಸಂಬಂಧ ಇಲ್ಲ.

ಚಿಕ್ಕಮ್ಮನಿಗೆ ನಾನು ಕೇಳಿದ್ದು ಇಷ್ಟೇ. ಎದ್ದಾಗ ಮೂತ್ರಕ್ಕೆ ಹೋಗಬೇಕಾ? ಶುಗರ್ ನೋಡಿಸಿ. ಚಿಕ್ಕಪ್ಪ ನಿಮ್ಮ ಗೊರಕೆ ಬಗ್ಗೆ ದೂರುತ್ತಾರಾ? ಅದನ್ನು ಡಾಕ್ಟರಿಗೆ ಹೇಳಿ. ಎರಡೂ ಇಲ್ಲವಾ? ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ತೆಳುವಾಗುವುದು ಸಹಜ, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಲಿವರ್ ತೀರಾ ಹಾಳಾದವರಿಗೆ ಹಗಲು ನಿದ್ದೆ, ರಾತ್ರಿ ಎಚ್ಚರ ಆಗುವುದುಂಟು. ಆದರೆ ಅಂಥವರಿಗೆ ಕಾಲು ಊತ, ಹೊಟ್ಟೆ ಉಬ್ಬರ, ಕಾಮಾಲೆ ಅಂತ ಬೇರೆ ಸೂಚನೆಗಳೂ ಸಾಮಾನ್ಯವಾಗಿ ಇರುತ್ತವೆ. ಫ್ಯಾಟಿ ಲಿವರ್ ಇದ್ದವರಲ್ಲಿ ಎಷ್ಟೋ ಜನ ಗಡದ್ದಾಗಿ ನಿದ್ದೆ ಮಾಡುತ್ತಾರೆ. ಭಯಪಡಬೇಕಾದದ್ದು ಹೀಗೆ ಸದ್ದಿಲ್ಲದೆ ಇರುವ ಕಾಯಿಲೆಗೆ.

ಹಾಗಾದರೆ ಅಕ್ಯುಪಂಕ್ಚರ್ ಬರೀ ಬೂಟಾಟಿಕೆಯಾ? ಜರ್ಮನಿಯಲ್ಲಿ ಬೆನ್ನುನೋವಿನ 1162 ರೋಗಿಗಳ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಬಂತು. ಸರಿಯಾದ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬಿಂದುವಲ್ಲದ ಜಾಗದಲ್ಲಿ, ಆಳಕ್ಕೆ ಇಳಿಸದೆ ಮೇಲಷ್ಟೇ ಚುಚ್ಚಿಸಿಕೊಂಡವರಲ್ಲಿ ಶೇ. 44.2. ಮಾಮೂಲಿ ಔಷಧಿ, ವ್ಯಾಯಾಮ ಮಾಡಿದವರಲ್ಲಿ ಶೇ. 27.4 ಮಾತ್ರ. ಸೂಜಿಯಿಂದಲೋ, ಆರೈಕೆಯಿಂದಲೋ ಏನೋ ಒಂದು ಉಪಯೋಗ ಆಗಿದೆ. ಬಿಂದು ಎಲ್ಲಿ ಅನ್ನುವುದರಿಂದ ಮಾತ್ರ ದೊಡ್ಡ ವ್ಯತ್ಯಾಸ ಆಗಿಲ್ಲ. ನನ್ನ ಪ್ರಕಾರ ಮೆರಿಡಿಯನ್ ನಕ್ಷೆ ನಂಬುವವರೂ, ಸುಮ್ನೆ ನಗುವವರೂ ಇಬ್ಬರೂ ಕೂತು ಯೋಚಿಸಬೇಕಾದ ಅಂಕಿ ಇದು.

ಬೆನ್ನುನೋವಿಗೆ ಹೋಗ್ತೀರಾ, ಹೋಗಿ. ತಾಯ್‌ಚೋಂಗ್ ಒತ್ತಿಕೊಂಡರೆ ಹಿತ ಅನ್ನಿಸುತ್ತಾ, ಒತ್ತಿಕೊಳ್ಳಿ, ದುಡ್ಡು ಖರ್ಚಿಲ್ಲ. ಕಣ್ಣು ಹಳದಿಯಾದರೆ ಮಾತ್ರ ಸೂಜಿಯ ಮಾತು ಎತ್ತದೆ ರಕ್ತ ಪರೀಕ್ಷೆಗೆ ಓಡಿ. ಮತ್ತೆ ಸೂಜಿ ಹಾಕುವವರು ಹೊಸ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ. ಸರಿಯಾಗಿ ಶುದ್ಧ ಮಾಡದ ಅಕ್ಯುಪಂಕ್ಚರ್ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ. ಆ ವೈರಸ್ ಹೋಗಿ ಕೂರುವುದು ಲಿವರಿನಲ್ಲೇ.