ಕ್ಷೇವಿಯರ್ ಸಂತರನ್ನು ಮತಾಂತರ ಮಾಡಿದ್ದು ಯಾರು?

ನಮ್ಮ ಉತ್ತರ ಕನ್ನಡ ಜಿಲ್ಲೆ ಪೂರ್ತಿ ಮತಾಂತರ ಆಗಿಹೋಗುತ್ತಿದೆಯಂತೆ. ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಬಂತು. ಮಧ್ಯಾಹ್ನ ಇನ್ನೊಂದು ಗ್ರೂಪಿನಲ್ಲಿ ಬಂತು. ಸಂಜೆ ಕಾರವಾರದ ಮೀನು ಪೇಟೆಯಲ್ಲಿ ಬಂಗಡೆ ರೇಟು ಕೇಳುತ್ತಿದ್ದವರೂ ಅದನ್ನೇ ಹೇಳಿದರು. ಮೂರು ಕಡೆಯಿಂದ ಬಂದ ಸುದ್ದಿ ಸುಳ್ಳಾಗುತ್ತದೆಯೇ?

ಸುಮ್ನೆ ಲೆಕ್ಕ ತೆಗೆದು ನೋಡಿದೆ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ. ವಾಪಸ್ ಹೋಗುವಾಗ ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಸಿಕೊಂಡ. ಆಮೇಲೆ ಪಕ್ಕದ ಗೋವಾದಲ್ಲಿ 1510ರಿಂದ 1961ರವರೆಗೆ ಪೋರ್ಚುಗೀಸರು ಕೂತರು. ಕಾಳಿ ನದಿಯ ಈಚೆಗೆ ಬ್ರಿಟಿಷರು ಬಂದರು, ಶಾಲೆ ಬಂತು, ಆಸ್ಪತ್ರೆ ಬಂತು. 1976ರಲ್ಲಿ ಕಾರವಾರಕ್ಕೆ ಅಂತಲೇ ಪ್ರತ್ಯೇಕ ಧರ್ಮಪ್ರಾಂತ, ಅಂದರೆ ಬಿಷಪ್ಪರ ಆಡಳಿತ ವಲಯವೂ ಬಂತು. ಇಷ್ಟೆಲ್ಲ ಆದ ಮೇಲೆ 2011ರ ಜನಗಣತಿಯಲ್ಲಿ ಜಿಲ್ಲೆಯ ಕ್ರೈಸ್ತರು ನೂರಕ್ಕೆ ಮೂರರ ಆಸುಪಾಸು. ರಾಜ್ಯದ ಲೆಕ್ಕದಲ್ಲಿ ಇನ್ನೂ ಕಡಿಮೆ, 1.87.

ಐದು ನೂರು ವರ್ಷಕ್ಕೆ ಮೂರು. ಇದೇ ಸ್ಪೀಡಿನಲ್ಲಿ ಹೋದರೆ ಜಿಲ್ಲೆ ಪೂರ್ತಿ ಮುಗಿಯಲು ಇನ್ನೂ 16 ಸಾವಿರ ವರ್ಷ ಬೇಕು. ಅಷ್ಟರೊಳಗೆ ಹುಬ್ಬಳ್ಳಿ-ಅಂಕೋಲಾ ರೈಲು ಬಂದರೂ ಬರಬಹುದು. ಖಾತ್ರಿ ಕೊಡಲಾರೆ.

ಆ ಮೂರರಲ್ಲೂ ಎಷ್ಟೋ ಹಳೇ ಕೊಂಕಣಿ ಕ್ಯಾಥೋಲಿಕ್ ಕುಟುಂಬಗಳು ಇಲ್ಲಿ ಯಾರೋ ಬಂದು ಉಪದೇಶ ಮಾಡಿದ್ದರಿಂದ ಆದವರಲ್ಲ. ಗೋವಾದಿಂದ ಓಡಿ ಬಂದವರು. ತೆರಿಗೆ ತಾಳಲಾರದೆ, ಯುದ್ಧಕ್ಕೆ ಹೆದರಿ, 1560ರಲ್ಲಿ ಶುರುವಾದ ಇಂಕ್ವಿಸಿಷನ್ನಿಗೆ, ಅಂದರೆ ಚರ್ಚಿನ ಧರ್ಮವಿಚಾರಣೆಯ ಕೋರ್ಟಿಗೆ ಹೆದರಿ ಗಂಟುಮೂಟೆ ಕಟ್ಟಿದವರು. ಅದೇ ಗೋವಾದಿಂದ ಅದೇ ಹೆದರಿಕೆಗೆ ದೇವರ ಸಮೇತ ಸಾರಸ್ವತರೂ ಇದೇ ಕರಾವಳಿಗೆ ಬಂದಿಳಿದರು. ಒಂದೇ ಊರಿನಿಂದ ಓಡಿ ಬಂದ ಇಬ್ಬರ ಮೊಮ್ಮಕ್ಕಳು ಈಗ ಒಬ್ಬರನ್ನು ನೋಡಿ ಒಬ್ಬರು ಹೆದರಬೇಕಂತೆ.

‘ಆಧುನಿಕ ಜಗತ್ತಿನಲ್ಲಿ ಸುವಾರ್ತಾ ಪ್ರಸಾರ: ಸವಾಲುಗಳು ಮತ್ತು ಅವಕಾಶಗಳು’ ಅಂತ ಆಗಾಗ ವಿಚಾರ ಸಂಕಿರಣ ನಡೆಯುತ್ತಿರುತ್ತವೆ. ಸುವಾರ್ತೆ ಅಂದರೆ ಏಸುವಿನ ಶುಭ ಸಂದೇಶ. ನನ್ನನ್ನು ಯಾರೂ ಕರೆದಿಲ್ಲ. ಕರೆದರೆ ಮಧ್ಯಾಹ್ನದ ಊಟಕ್ಕೆ ಮೊದಲು ಹೇಳಬೇಕಾದ ನಾಲ್ಕು ಮಾತು ನನ್ನಲ್ಲಿವೆ.

ಮೊದಲಿಗೆ ಕಾನೂನು. ಸಂವಿಧಾನದ 25ನೇ ವಿಧಿ ಪ್ರಕಾರ ನಿಮ್ಮ ಧರ್ಮವನ್ನು ನೀವು ಪ್ರಚಾರ ಮಾಡಬಹುದು. 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ, ಪ್ರಚಾರ ಅಂದರೆ ಧರ್ಮದ ತತ್ವ ತಿಳಿಸುವುದು, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಇಲ್ಲ ಎಂದಿತು. ಅಂಗಡಿ ಇಡಬಹುದು, ಮಾಲು ತೋರಿಸಬಹುದು, ಬೋಣಿ ಮಾತ್ರ ಆಗಬಾರದು.

ಇದೂ ಸಾಲದು ಅಂತ 2022ರಲ್ಲಿ ನಮ್ಮ ರಾಜ್ಯಕ್ಕೆ ಒಂದು ಕಾಯ್ದೆ ಬಂತು. ಹೆಸರಿನಲ್ಲಿ ಧಾರ್ಮಿಕ ಸ್ವಾತಂತ್ರ್ಯ ಇದೆ, ಒಳಗೆ ನಮೂನೆ 1 ಮತ್ತು ನಮೂನೆ 2 ಇವೆ. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆ 1 ಕೊಡಬೇಕು. ಅವರು ಅದನ್ನು ನೋಟಿಸ್ ಬೋರ್ಡಿಗೆ ಹಾಕಿ, ಯಾರಿಗಾದರೂ ಆಕ್ಷೇಪಣೆ ಇದೆಯಾ ಅಂತ ಊರಿಗೆಲ್ಲ ಕೇಳಬೇಕು. ಜೋಯಿಡಾದ ಒಳಗಿನ ಹಳ್ಳಿಯ ಒಬ್ಬಾತನಿಗೆ ರಾತ್ರಿ ಜ್ಞಾನೋದಯ ಆಯಿತು ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಮೊದಲ ಬಸ್ ಹಿಡಿಯುತ್ತಾನೆ. ಘಟ್ಟ ಇಳಿದು ಕಾರವಾರಕ್ಕೆ ಬರುವಾಗ ಬಿಸಿಲು ನೆತ್ತಿಗೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ನಮೂನೆ ಖಾಲಿಯಾಗಿದೆ, ಜೆರಾಕ್ಸ್ ಅಂಗಡಿಯಲ್ಲಿ ಕೇಳಿ. ಆಧಾರ್ ಎರಡು ಪ್ರತಿ ತಂದಿರಾ? ಫೋಟೋ ಇದಲ್ಲ, ಬಿಳಿ ಬ್ಯಾಕ್‌ಗ್ರೌಂಡ್ ಬೇಕು. ಸಂಜೆ ಕೊನೆಯ ಬಸ್ಸಿನ ಹೊತ್ತಿಗೆ ಅವನಿಗೆ ಎಂಥ ವೈರಾಗ್ಯ ಬಂದಿರುತ್ತದೆ ಅಂದರೆ, ಹಳೇ ಧರ್ಮವೂ ಬೇಡ, ಹೊಸದೂ ಬೇಡ, ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು.

ಆಮಿಷದ ಪಟ್ಟಿ ಇನ್ನೂ ಚೆನ್ನಾಗಿದೆ. ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ, ಮದುವೆಯ ಮಾತು, ಒಳ್ಳೆಯ ಜೀವನದ ಭರವಸೆ. ದೇವರು ಸಿಟ್ಟಾಗುತ್ತಾನೆ ಅನ್ನುವುದೂ ಇದೇ ಪಟ್ಟಿಯಲ್ಲಿದೆ. ಅಂದರೆ ಪಾಸ್ಟರ್ ಸ್ವರ್ಗದ ಆಸೆ ತೋರಿಸಬಾರದು, ನರಕದ ಹೆದರಿಕೆಯನ್ನೂ ಹಾಕಬಾರದು. ಉಳಿದಿದ್ದು ಮಳೆ ಯಾವಾಗ ಶುರುವಾಗುತ್ತದೆ, ಅಡಿಕೆ ರೇಟು ಎಷ್ಟು, ಶರಾವತಿ ಸೇತುವೆಯ ಹತ್ತಿರ ಟ್ರಾಫಿಕ್ ಜಾಸ್ತಿಯಾ ಅನ್ನುವ ವಿಷಯ. ಇಬ್ಬರು ಮತ ಬದಲಿಸಿದರೂ ಅದು ಸಾಮೂಹಿಕ ಮತಾಂತರ. ಗಂಡ ಹೆಂಡತಿ ಒಂದೇ ದಿನ ಒಂದೇ ಅಭಿಪ್ರಾಯಕ್ಕೆ ಬರುವುದನ್ನು ಸರಕಾರ ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದು ಒಳ್ಳೆಯದೇ, ಅಂಥ ಪವಾಡ ದಿನಾ ನಡೆಯುವುದಿಲ್ಲ. ಹಿಂದಿನ ಧರ್ಮಕ್ಕೆ ವಾಪಸ್ ಬಂದರೆ ಮಾತ್ರ ಅದು ಮತಾಂತರವೇ ಅಲ್ಲ. ರಿಟರ್ನ್ ಟಿಕೆಟ್ ಫ್ರೀ.

2019ರಲ್ಲಿ ಪಕ್ಷಾಂತರದ ಕಾರಣಕ್ಕೆ ರಾಜ್ಯದ 17 ಶಾಸಕರು ಅನರ್ಹರಾದರು. ನಮ್ಮ ಜಿಲ್ಲೆಯವರೂ ಒಬ್ಬರು ಆ ಪಟ್ಟಿಯಲ್ಲಿದ್ದರು. ಮುಂಬೈ ಹೋಟೆಲಿನಲ್ಲಿ ಅವರಿಗೆಲ್ಲ ಏನು ಸುವಾರ್ತೆ ಕೇಳಿಸಿತೋ ನನಗೆ ಗೊತ್ತಿಲ್ಲ. 30 ದಿನ ಮೊದಲು ಯಾರೂ ನಮೂನೆ 1 ತುಂಬಿರಲಿಲ್ಲ ಅನ್ನುವುದು ಮಾತ್ರ ಗೊತ್ತು.

ಆ ಕಾಯ್ದೆಯನ್ನು ವಾಪಸ್ ಪಡೆಯುವುದೆಂದು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ನಮ್ಮ ವಾಟ್ಸಾಪ್ ಗ್ರೂಪಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇನ್ನು ಅವಕಾಶದ ಮಾತು. ಘಟ್ಟದ ಮೇಲಿನ ಯಾವುದೋ ಹಳ್ಳಿಯಲ್ಲಿ, ಹಂಚಿನ ಮನೆಯ ಜಗಲಿಯಲ್ಲಿ, ಎಂಟು ಹತ್ತು ಜನ ಕೂತು ಪ್ರಾರ್ಥನೆ ಮಾಡುತ್ತಿರುತ್ತಾರೆ. ಅದರಲ್ಲಿ ಮೂವರಿಗೆ ಮೊಣಕಾಲು ನೋವು, ಒಬ್ಬಳ ಗಂಡನಿಗೆ ಕುಡಿತ, ಒಂದು ಮಗುವಿಗೆ ನಿದ್ದೆ. ಪಾಸ್ಟರ್ ದನಿ ಪಕ್ಕದ ತೋಟಕ್ಕೂ ಕೇಳುವುದಿಲ್ಲ. ಅಷ್ಟರಲ್ಲಿ ನಾಲ್ಕು ಬೈಕಿನಲ್ಲಿ ಹುಡುಗರು ಬಂದಿಳಿಯುತ್ತಾರೆ. ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾರೆ. ರಾತ್ರಿಯೊಳಗೆ ಅದು ಮುಂಡಗೋಡ, ಭಟ್ಕಳ, ದುಬೈವರೆಗೆ ಹೋಗಿ ಮುಟ್ಟುತ್ತದೆ. ಎಂಟು ಜನರಿಗೆ ಹೇಳಿದ ವಾಕ್ಯವನ್ನು ಎಂಟು ಸಾವಿರ ಜನ, ಅದೂ ಸ್ಲೋಮೋಷನ್ನಿನಲ್ಲಿ, ಕೆಂಪು ಬಾಣದ ಗುರುತು ಹಾಕಿಸಿಕೊಂಡು ನೋಡುತ್ತಾರೆ. ಕ್ಯಾಮೆರಾ ಹುಡುಗರದು, ಡೇಟಾ ಹುಡುಗರದು, ಪೆಟ್ರೋಲ್ ಕೂಡ ಅವರದೇ. ಪಾಸ್ಟರ್ ಪಾಲಿಗೆ ಉಳಿದದ್ದು ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂರುವ ಕೆಲಸ.

ಈ ಗಲಾಟೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಈ ಕರಾವಳಿಯಲ್ಲಿ ನಿಜಕ್ಕೂ ಯಾರು ಯಾರನ್ನು ಮತಾಂತರ ಮಾಡಿದರು?

ಡಿಸೆಂಬರ್ 3ಕ್ಕೆ ನಮ್ಮ ಜಿಲ್ಲೆಯ ಚಂದಾವರದ ಚರ್ಚಿಗೆ ಹೋಗಿ ನೋಡಿ. ಸಂತ ಫ್ರಾನ್ಸಿಸ್ ಕ್ಷೇವಿಯರ್ ಫೆಸ್ತ್. ಈ ಸಂತರು ಸಣ್ಣ ಆಳಲ್ಲ. 1542ರಲ್ಲಿ ಗೋವಾಕ್ಕೆ ಬಂದವರು. ತಿರುವಾಂಕೂರಿನಲ್ಲಿ ಒಂದೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗುವ ಸ್ನಾನ ಕೊಟ್ಟೆ ಎಂದು ಕಾಗದ ಬರೆದವರು. ಚೀನಾದ ಬಾಗಿಲಿಗೆ ಹೋಗಿ 1552ರ ಡಿಸೆಂಬರ್ 3ರಂದು ತೀರಿಕೊಂಡವರು. ದೀಕ್ಷಾಸ್ನಾನ ಕೊಟ್ಟ ಆ ಬಲಗೈಯನ್ನು ರೋಮಿನ ಚರ್ಚೊಂದರಲ್ಲಿ ಇವತ್ತಿಗೂ ಇಟ್ಟಿದ್ದಾರೆ. 1927ರಲ್ಲಿ ಪೋಪ್ ಇವರನ್ನು ಮಿಷನ್ ಕೆಲಸಕ್ಕೆಲ್ಲ ಪಾಲಕ ಸಂತ ಎಂದು ಘೋಷಿಸಿದರು. ಅಂದರೆ ಮತಪ್ರಚಾರದ ಇಡೀ ಇಲಾಖೆಗೇ ಇವರು ಮುಖ್ಯಸ್ಥರು.

ಅಂಥವರ ಎದುರಿಗೆ ಹೊನ್ನಾವರ, ಕುಮಟಾ ಕಡೆಯ ಹಿಂದೂ ಹೆಂಗಸರು ಸಾಲಾಗಿ ನಿಂತಿರುತ್ತಾರೆ. ಮಲ್ಲಿಗೆ ಮುಡಿದು, ಕುಂಕುಮ ಇಟ್ಟು, ಕೈಯಲ್ಲಿ ಮೇಣದ ಬತ್ತಿ ಕಟ್ಟು. ಮೇಣ ಕರಗಿ ಕೈ ಮೇಲೆ ಬೀಳುತ್ತಿರುತ್ತದೆ, ಒಬ್ಬರೂ ಕದಲುವುದಿಲ್ಲ. ಮಗನಿಗೆ ಗಲ್ಫ್ ವೀಸಾ ಆಗಬೇಕು, ಮಗಳಿಗೆ ಗಂಡು ಸಿಗಬೇಕು, ಕಳೆದ ವರ್ಷ ಹೊತ್ತ ಹರಕೆ ತೀರಿಸಬೇಕು. ಬತ್ತಿ ಹಚ್ಚುತ್ತಾರೆ, ಕೈ ಮುಗಿಯುತ್ತಾರೆ, ಹೊರಗೆ ಬಂದು ಬೆಂಡು ಬತ್ತಾಸು ಕಟ್ಟಿಸಿಕೊಳ್ಳುತ್ತಾರೆ. ಸಂತರೊಬ್ಬರ ಮೇಲೆಯೇ ಭಾರ ಹಾಕುವುದು ಬೇಡ ಅಂತ ಇಡಗುಂಜಿ ಗಣಪತಿಗೂ ಒಂದು ಪಂಚಕಜ್ಜಾಯ ಹೇಳಿಕೊಂಡು ಮನೆಗೆ ಹೋಗುತ್ತಾರೆ. ಹೋದ ಹಾಗೇ, ಹಿಂದೂಗಳಾಗಿಯೇ.

ಒಬ್ಬರೂ ಮತಾಂತರ ಆಗಿಲ್ಲ ಅಂದೆನಾ? ಆಗಿದ್ದಾರೆ. ಕ್ಷೇವಿಯರ್ ಆಗಿದ್ದಾರೆ. ಸ್ಪೇನಿನ ನವಾರದಿಂದ ಬಂದ ಮನುಷ್ಯನನ್ನು ನಮ್ಮ ಹೆಂಗಸರು ಹರಕೆ ದೇವರ ಪಟ್ಟಿಗೆ ಸೇರಿಸಿಕೊಂಡುಬಿಟ್ಟರು. ಬಲವಂತ ಇಲ್ಲ, ಆಮಿಷ ಮಾತ್ರ ಇದೆ, ಎರಡು ಡಜನ್ ಮೇಣದ ಬತ್ತಿ. ಹಾಗೆ ನೋಡಿದರೆ ಇದು ಮೊದಲ ದಿನವೇ ಶುರುವಾಗಿತ್ತು. ಕಲ್ಲಿಕೋಟೆಯಲ್ಲಿ ಗಾಮಾನ ಕಡೆಯವರು ಒಂದು ದೇವಸ್ಥಾನ ನೋಡಿ ಇದು ಚರ್ಚೇ ಎಂದು ತಿಳಿದು ಮಂಡಿಯೂರಿದರು. ಅವರ ಪ್ರವಾಸದ ದಿನಚರಿಯಲ್ಲೇ ಇದು ದಾಖಲಾಗಿದೆ.

ನಮ್ಮ ಚರ್ಚುಗಳೊಳಗೆ ಬಂದರೂ ಕತೆ ಅದೇ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹಬ್ಬ, ತೆನೆ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿ ಊಟ. ಪಕ್ಕದ ಮನೆಯಲ್ಲಿ ಅದಕ್ಕೆ ಹೊಸತು ಅನ್ನುತ್ತಾರೆ. ಮದುವೆಯ ಹಿಂದಿನ ದಿನ ತೆಂಗಿನ ಹಾಲು, ಎಣ್ಣೆ ಹಚ್ಚುವ ರೋಸ್. ಪಕ್ಕದ ಮನೆಯಲ್ಲಿ ಅರಿಸಿನ. ಹೊಸ ಬೈಕ್ ತಂದರೆ ಪಾದ್ರಿಗಳು ತೀರ್ಥ ಚಿಮುಕಿಸುತ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದೊಂದು ಬಾಕಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಗತಿಯೂ ಇಷ್ಟೇ. ಆತ್ಮ ಎಷ್ಟು ಸಿಕ್ಕಿತೋ, 1865ರಲ್ಲಿ ಹಂಚಿನ ಕಾರ್ಖಾನೆ ಮಾತ್ರ ಚೆನ್ನಾಗಿ ನಡೆಯಿತು. ಕರಾವಳಿಯ ಮನೆಗಳು ಹುಲ್ಲಿನಿಂದ ಹಂಚಿಗೆ ಹೋದವು. ದೇವಸ್ಥಾನದ ಪೌಳಿಯೂ ಹೋಯಿತು. ಸಾಮೂಹಿಕ ಮತಾಂತರ ಅಂದರೆ ಅದು, ಒಬ್ಬನೂ ಆಕ್ಷೇಪಣೆ ಸಲ್ಲಿಸಲಿಲ್ಲ. ಕಿಟೆಲ್ ಸಾಹೇಬರು 1853ರಲ್ಲಿ ನಮಗೆ ಬೈಬಲ್ ಕಲಿಸಲು ಬಂದು ತಾವೇ ಕನ್ನಡದೊಳಗೆ ಬಿದ್ದರು. 1894ರಲ್ಲಿ ನಿಘಂಟು ಹಿಡಿದು ಎದ್ದರು.

ಈಗಿನವರಿಗೆ ಡಿಜಿಟಲ್ ಹುಚ್ಚು. ಇದು ಅಲ್ಲಿ ರೋಮಿನಿಂದಲೇ ಶುರು. ಪವಾಡಗಳ ವೆಬ್‌ಸೈಟ್ ಮಾಡಿ 15ನೇ ವಯಸ್ಸಿಗೆ ತೀರಿಕೊಂಡ ಇಟಲಿಯ ಹುಡುಗ ಕಾರ್ಲೋ ಅಕ್ಯುಟಿಸ್‌ನನ್ನು 2025ರ ಸೆಪ್ಟೆಂಬರ್ 7ರಂದು ಸಂತ ಎಂದು ಘೋಷಿಸಿದರು. ಅದಕ್ಕೂ ಮೊದಲು, 2024ರಲ್ಲಿ, ಅಮೆರಿಕದ ಕ್ಯಾಥೋಲಿಕ್ ಆನ್ಸರ್ಸ್ ಎಂಬ ಸಂಸ್ಥೆ ‘ಫಾದರ್ ಜಸ್ಟಿನ್’ ಎಂಬ ಎಐ ಪಾದ್ರಿಯನ್ನು ಕೂರಿಸಿತು. ಆತ ತಾನು ನಿಜವಾದ ಪಾದ್ರಿ ಎಂದ. ಪಾಪ ನಿವೇದನೆ ಕೇಳಿ ಕ್ಷಮೆಯನ್ನೂ ಕೊಟ್ಟ. ತುರ್ತಿದ್ದರೆ ಮಗುವಿಗೆ ಗೇಟರೇಡ್‌ನಲ್ಲಿ ದೀಕ್ಷಾಸ್ನಾನ ಮಾಡಿಸಬಹುದು ಎಂದ. ಗೇಟರೇಡ್ ಅಂದರೆ ಆಟಗಾರರು ಕುಡಿಯುವ ಬಣ್ಣದ ಪಾನಕ. ಕೆಲವೇ ದಿನದಲ್ಲಿ ಅವನ ಫಾದರ್ ಪದವಿ ಕಿತ್ತುಕೊಂಡು ಬರೀ ಜಸ್ಟಿನ್ ಮಾಡಿದರು. ಎಐಗೂ ಸಸ್ಪೆನ್ಷನ್ ಇದೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ನಮ್ಮ ಜಿಲ್ಲೆಯಲ್ಲಿ ಈ ಅಪಾಯ ಇಲ್ಲ. ಇಲ್ಲಿ ಎಐ ಪಾದ್ರಿ ‘ಮಗನೇ, ನಿನ್ನ ಪಾಪಗಳನ್ನು’ ಅನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಕ್ಷಮಿಸಿದನೋ ಇಲ್ಲವೋ ತಿಳಿಯಲು ಗುಡ್ಡ ಹತ್ತಬೇಕು. ಕೊರೋನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಹತ್ತಿದ ಅದೇ ಗುಡ್ಡ. ಏಸುಸ್ವಾಮಿ ಬೆಟ್ಟ ಹತ್ತಿ ಯಾಕೆ ಬೋಧನೆ ಮಾಡಿದರು ಅಂತ ದೊಡ್ಡ ದೊಡ್ಡ ಪಂಡಿತರು ವ್ಯಾಖ್ಯಾನ ಬರೆದಿದ್ದಾರೆ. ನಮ್ಮ ಕಡೆಯವರಿಗೆ ಅದು ಬೇಕಿಲ್ಲ. ಕೆಳಗೆ ಸಿಗ್ನಲ್ ಇರಲಿಲ್ಲ.

ಇಷ್ಟರ ಮಧ್ಯೆ 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆಗೆ ಹೊರಟರು. 60 ಪ್ರಶ್ನೆ. ಜಾತಿ ಪಟ್ಟಿ ತೆರೆದರೆ ಬ್ರಾಹ್ಮಣ ಕ್ರಿಶ್ಚಿಯನ್, ಲಿಂಗಾಯತ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್. ರಾಜ್ಯಕ್ಕೆ ರಾಜ್ಯವೇ ಬೆಚ್ಚಿಬಿತ್ತು. ಇದು ಮತಾಂತರಕ್ಕೆ ಕೊಟ್ಟ ಕುಮ್ಮಕ್ಕು ಎಂದರು ಒಂದು ಕಡೆಯವರು. ಕ್ರೈಸ್ತ ಧರ್ಮದಲ್ಲಿ ಜಾತಿಯೇ ಇಲ್ಲವಲ್ಲ ಎಂದರು ಇನ್ನೊಂದು ಕಡೆಯವರು. ಗಲಾಟೆ ಜಾಸ್ತಿಯಾಗಿ ಸಮೀಕ್ಷೆ ನಡೆಸುತ್ತಿದ್ದ ಹಿಂದುಳಿದ ವರ್ಗಗಳ ಆಯೋಗ ಇಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮರೆಮಾಡಿತು.

ಈ ಬೆಚ್ಚುವಿಕೆ ನೋಡಿ ಕಾರವಾರದ ಕೊಂಕಣಿ ಮುದುಕಿಯರು ನಕ್ಕಿರಬೇಕು. ಕ್ಯಾಥೋಲಿಕರೊಳಗಿನ ಜಾತಿಗಳಲ್ಲಿ ಬಾಮಣ್ ಯಾರು, ಚಾರ್ಡೊ ಯಾರು, ಶುದಿರ್ ಯಾರು ಅಂತ ಅವರಿಗೆ ಯಾವ ಆಯೋಗವೂ ಹೇಳಿಕೊಡಬೇಕಿಲ್ಲ. ದೇವರು ಬದಲಾದ, ಹೆಸರು ಬದಲಾಯಿತು, ಪ್ರಾರ್ಥನೆ ಲ್ಯಾಟಿನ್‌ಗೆ ಹೋಗಿ ಕೊಂಕಣಿಗೆ ವಾಪಸ್ ಬಂತು. ಜಾತಿ ಮಾತ್ರ ಸೂಟು ಹೊಲಿಸಿಕೊಂಡು ಮುಂದಿನ ಬೆಂಚಿನಲ್ಲಿ ಬಂದು ಕೂತಿತು. ಪೋರ್ಚುಗೀಸರ ಇಂಕ್ವಿಸಿಷನ್ 1812ರವರೆಗೆ, ಅಂದರೆ 250 ವರ್ಷ ನಡೆಯಿತು. ಅದರ ಕೈಯಲ್ಲೂ ಇದು ಅಲ್ಲಾಡಲಿಲ್ಲ. ಇನ್ನು ನಮ್ಮ ಜೋಯಿಡಾದ ಪಾಸ್ಟರ್, ಹಳೇ ಸ್ಕೂಟರಿನಲ್ಲಿ, ಮಳೆಗಾಲದಲ್ಲಿ, ಏನು ಮಾಡಿಯಾನು?

ಆಯೋಗ ಮರೆಮಾಡಿದ್ದು ಆ್ಯಪ್‌ನಲ್ಲಿ ಅಷ್ಟೇ. ಮದುವೆ ದಲ್ಲಾಳಿಗಳ ಡೈರಿಯಲ್ಲಿ ಜಾತಿಗಳು ಹಾಗೇ ಇವೆ, ಫೋನ್ ನಂಬರ್ ಸಮೇತ. ಅದಕ್ಕೆ ಗುಡ್ಡ ಹತ್ತುವುದೂ ಬೇಡ, ಸರ್ವರ್ ಡೌನ್ ಅನ್ನುವ ರಗಳೆಯೂ ಇಲ್ಲ.